ಅಮ್ಮ ಮಲಗಿದ್ದಾರೆ: ನಮ್ಮ ನಡುವಿನ ಹಿರಿಯರು ಮತ್ತು ನಾವು ಮಾಡದೆ ಬಿಟ್ಟ ಒಂದು ಫೋನ್ ಕರೆ



ಪ್ರತಿ ಸಲ ಈ ಜಾಗದಲ್ಲಿ ಒಂದು ಪುಸ್ತಕದ ಪರಿಚಯವೋ, ಕಳೆದ ಸಭೆಯ ವರದಿಯೋ ಇರುತ್ತದೆ. ಈ ಸಲ ಎರಡೂ ಇಲ್ಲ. ಬೇ ಏರಿಯಾದಲ್ಲಿ ನಮ್ಮ ಜೊತೆಗಿರುವ ಹಿರಿಯರ ಬಗ್ಗೆ, ಅವರಿಗೆ ಮನೆಯೊಳಗೇ ತೊಂದರೆಯಾದರೆ ಈ ರಾಜ್ಯದಲ್ಲಿ ಯಾರು ಬರುತ್ತಾರೆ, ಹೇಗೆ ಬರುತ್ತಾರೆ ಎಂಬುದರ ಬಗ್ಗೆ ಬರೆಯುತ್ತಿದ್ದೇವೆ. "ಸಾಹಿತ್ಯ ಕೂಟಕ್ಕೂ ಇದಕ್ಕೂ ಏನು ಸಂಬಂಧ?" ಎಂದು ನೀವು ಕೇಳಬಹುದು. ಸಂಬಂಧ ಇದೆ. ಮೊದಲು ಅದನ್ನೇ ಹೇಳಿಬಿಡುತ್ತೇವೆ.

ಅಜ್ಜಿ ಬರಲಿಲ್ಲ

ಕೆಲವು ವರ್ಷಗಳ ಹಿಂದೆ ನಮ್ಮ ತಿಂಗಳ ಸಭೆಗೆ ಒಬ್ಬ ಹಿರಿಯರು ತಪ್ಪದೆ ಬರುತ್ತಿದ್ದರು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇವೆ. ಅಜ್ಜಿ ಎಂದಷ್ಟೇ ಇಟ್ಟುಕೊಳ್ಳೋಣ. ಮಗನ ಮನೆಯಲ್ಲಿದ್ದರು, ಗ್ರೀನ್ ಕಾರ್ಡ್ ಆಗಿತ್ತು. ಮುಂದಿನ ಸಾಲಿನ ಕುರ್ಚಿ ಅವರದು. ಯಾರಾದರೂ ಷಟ್ಪದಿಯನ್ನು ತಪ್ಪಾಗಿ ಬಿಡಿಸಿ ಓದಿದರೆ "ಉಸಿರು ಅಲ್ಲಿ ತಗೋಬಾರದಪ್ಪಾ" ಎಂದು ಕೂತಲ್ಲಿಂದಲೇ ತಿದ್ದುತ್ತಿದ್ದರು. ಚಹಾ ವಿರಾಮದಲ್ಲಿ ಮಕ್ಕಳಿಗೆಲ್ಲ ಒಗಟು ಹಾಕುತ್ತಿದ್ದರು.

ಒಂದು ತಿಂಗಳು ಅಜ್ಜಿ ಬರಲಿಲ್ಲ. ಚಳಿ ಇರಬೇಕು ಅಂದುಕೊಂಡೆವು. ಎರಡನೆಯ ತಿಂಗಳೂ ಇಲ್ಲ. ನಮ್ಮಲ್ಲೊಬ್ಬರು ಫೋನ್ ಮಾಡಿದರು. "ಅಮ್ಮ ಮಲಗಿದ್ದಾರೆ" ಎಂದು ಉತ್ತರ ಬಂತು. ಇನ್ನೊಬ್ಬರು ಬೆಳಗ್ಗೆ ಹನ್ನೊಂದಕ್ಕೆ ಮಾಡಿದರು, ಆಗಲೂ ಮಲಗಿದ್ದರು. ಮತ್ತೊಬ್ಬರು ಸಂಜೆ ಐದಕ್ಕೆ ಮಾಡಿದರು, ಆಗಲೂ ಮಲಗಿದ್ದರು! ಅಜ್ಜಿಯ ಸ್ವಂತ ಮೊಬೈಲು ಬಂದ್ ಆಗಿತ್ತು. ದೀಪಾವಳಿಗೆ ಚಕ್ಕುಲಿ ಕೊಡುವ ನೆಪದಲ್ಲಿ ಹೋದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು.

ನಾವು ಏನು ಮಾಡಿದೆವು? ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟಿದೆವು. "ಅವರ ಮನೆ ವಿಷಯ, ನಮಗ್ಯಾಕೆ", "ಎಲ್ಲರ ಮನೆ ದೋಸೆಯೂ ತೂತೇ", "ಮಗ ಒಳ್ಳೆಯವನು, ಕೆಲಸದ ಒತ್ತಡ ಇರಬೇಕು" ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಮಗ ನಮ್ಮ ಸ್ನೇಹಿತನೇ ಆಗಿದ್ದ. ಅವನನ್ನು ಕೇಳಿ ಸ್ನೇಹ ಕೆಡಿಸಿಕೊಳ್ಳುವುದು ಯಾರಿಗೂ ಬೇಕಿರಲಿಲ್ಲ. ಹೀಗೆ ಎಂಟು ತಿಂಗಳು ಕಳೆದವು. ಒಂದು ದಿನ ಅಜ್ಜಿ ಊರಿಗೆ ಹೊರಟುಹೋದರಂತೆ ಎಂಬ ಸುದ್ದಿ ಬಂತು. ಆಮೇಲೆ ನಮ್ಮವರೊಬ್ಬರು ರಜೆಗೆ ಹೋದಾಗ ಅವರನ್ನು ಕಂಡು ಬಂದರು. ತುಂಬಾ ಇಳಿದುಹೋಗಿದ್ದರಂತೆ. ಪಾಸ್‌ಪೋರ್ಟು, ಬ್ಯಾಂಕಿನ ಕಾರ್ಡು ಯಾವುದೂ ಕೈಯಲ್ಲಿರಲಿಲ್ಲವಂತೆ, ಮನೆಯವರು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರಂತೆ. ಮಗನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಹೊರಡುವಾಗ ಮಾತ್ರ, "ನಿಮ್ಮಲ್ಲಿ ಯಾರಾದ್ರೂ ಬರ್ತೀರೇನೋ ಅಂತ ಕಾಯ್ತಿದ್ದೆ" ಎಂದರಂತೆ.

ಆ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಯಾರನ್ನು ಕರೆಯಬೇಕು ಎಂಬುದು ಆಗ ನಮಗೆ ನಿಜಕ್ಕೂ ಗೊತ್ತಿರಲಿಲ್ಲ. 911 ಎಂದರೆ ಪೊಲೀಸು, ಸೈರನ್ನು, ಕೈಕೋಳ. ಅಷ್ಟು ದೊಡ್ಡದು ಮಾಡುವ ಧೈರ್ಯ ಇರಲಿಲ್ಲ. 911ಕ್ಕೂ ಸುಮ್ಮನಿರುವುದಕ್ಕೂ ನಡುವೆ ಒಂದು ದಾರಿ ಇದೆ ಎಂದು ಆಮೇಲೆ ತಿಳಿದುಕೊಂಡೆವು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕಾನೂನಿನ ಕಣ್ಣಿಗೆ ಯಾವುದು ದೌರ್ಜನ್ಯ?

ಕ್ಯಾಲಿಫೋರ್ನಿಯಾದಲ್ಲಿ ಹಿರಿಯರನ್ನೂ, ಅಂಗವೈಕಲ್ಯ ಅಥವಾ ಕಾಯಿಲೆಯಿಂದ ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದ ವಯಸ್ಕರನ್ನೂ ರಕ್ಷಿಸಲು ಒಂದು ಪ್ರತ್ಯೇಕ ಕಾನೂನಿದೆ. 1982ರಿಂದ ಹಲವು ತಿದ್ದುಪಡಿಗಳೊಂದಿಗೆ ಬೆಳೆದುಬಂದಿದೆ. ದೌರ್ಜನ್ಯ ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹೊಡೆತ ಬಡಿತ. ಈ ಕಾನೂನಿನ ಪಟ್ಟಿ ಅದಕ್ಕಿಂತ ಬಹಳ ಉದ್ದವಿದೆ: ದೈಹಿಕ ಹಿಂಸೆ, ಮಾನಸಿಕ ಯಾತನೆ, ಅಲಕ್ಷ್ಯ, ಕೈಬಿಟ್ಟು ಹೋಗುವುದು, ಬಲವಂತವಾಗಿ ಬೇರೆಡೆಗೆ ಕರೆದೊಯ್ಯುವುದು, ಒಂಟಿಯಾಗಿಸುವುದು, ಹಣಕಾಸಿನ ಶೋಷಣೆ.

ಅಲಕ್ಷ್ಯ ಎಂದರೆ ನೋಡಿಕೊಳ್ಳುವ ಹೊಣೆ ಹೊತ್ತವರು ಊಟ, ಬಟ್ಟೆ, ಸ್ನಾನ, ಔಷಧಿ, ಡಾಕ್ಟರ ಭೇಟಿ ಇವುಗಳಲ್ಲಿ ಸಾಮಾನ್ಯ ಮನುಷ್ಯ ತೋರಿಸುವ ಕಾಳಜಿಯನ್ನೂ ತೋರಿಸದಿರುವುದು. ಹಣಕಾಸಿನ ಶೋಷಣೆಗೆ ಕಳ್ಳತನವೇ ಆಗಬೇಕಿಲ್ಲ; ಒತ್ತಡ ಹೇರಿ, ಮರೆವಿನ ಲಾಭ ಪಡೆದು ಸಹಿ ಹಾಕಿಸಿಕೊಂಡರೂ ಅದು ಶೋಷಣೆಯೇ.

ನಮ್ಮ ಎದೆಗೆ ನಾಟಿದ್ದು "ಒಂಟಿಯಾಗಿಸುವುದು" ಎಂಬುದರ ವಿವರಣೆ. ಟಪಾಲು, ಫೋನು ತಲುಪದಂತೆ ಬೇಕೆಂದೇ ತಡೆಯುವುದು ಅದರಲ್ಲಿ ಬರುತ್ತದೆ. ಹಿರಿಯರಿಗೆ ಮಾತಾಡುವ ಇಷ್ಟವಿದ್ದರೂ, ಅವರನ್ನು ಸ್ನೇಹಿತರಿಂದ, ಬಂಧುಗಳಿಂದ ದೂರವಿಡಲೆಂದು, ಫೋನ್ ಮಾಡಿದವರಿಗೆ "ಅವರು ಇಲ್ಲ", "ಅವರಿಗೆ ಮಾತಾಡಲು ಇಷ್ಟವಿಲ್ಲ" ಎಂದು ಸುಳ್ಳು ಹೇಳುವುದೂ ಬರುತ್ತದೆ. "ಅಮ್ಮ ಮಲಗಿದ್ದಾರೆ" ಎಂಬುದಕ್ಕೆ ಕಾನೂನಿನ ಪುಸ್ತಕದಲ್ಲಿ ಮೊದಲೇ ಒಂದು ಜಾಗವಿತ್ತು! ನಮಗೆ ಮಾತ್ರ ಗೊತ್ತಿರಲಿಲ್ಲ.

ಇನ್ನೊಂದಿದೆ: ತಮ್ಮನ್ನು ತಾವೇ ಅಲಕ್ಷಿಸಿಕೊಳ್ಳುವುದು. ಒಬ್ಬಂಟಿಯಾಗಿರುವ ತಾತ ಅಡುಗೆ ಬಿಟ್ಟಿದ್ದಾರೆ, ಮಾತ್ರೆ ಮರೆಯುತ್ತಿದ್ದಾರೆ, ಬಿಲ್ಲು ಕಟ್ಟಿಲ್ಲ, ಮನೆಯೆಲ್ಲ ಕಸ. ಇಲ್ಲಿ ಖಳನಾಯಕ ಯಾರೂ ಇಲ್ಲ, ಆದರೆ ಅಪಾಯ ಇದೆ. ಅಧಿಕಾರಿಗಳ ಬಳಿ ಬರುವ ಪ್ರಕರಣಗಳಲ್ಲಿ ಇಂಥವೇ ಹೆಚ್ಚು.

ಕರೆ ಮಾಡಿದರೆ ಯಾರು ಬರುತ್ತಾರೆ?

ಆ ನಡುದಾರಿಯ ಹೆಸರು ಅಡಲ್ಟ್ ಪ್ರೊಟೆಕ್ಟಿವ್ ಸರ್ವೀಸಸ್, ಚಿಕ್ಕದಾಗಿ ಎ.ಪಿ.ಎಸ್. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲೂ ಇದೆ. ನಮ್ಮವರು ಹೆಚ್ಚಾಗಿರುವ ಸ್ಯಾಂಟಾ ಕ್ಲಾರಾ, ಅಲಮೀಡಾ, ಸ್ಯಾನ್ ಮಟೇಯೋ, ಕಾಂಟ್ರಾ ಕೋಸ್ಟಾ, ಸ್ಯಾನ್ ಫ್ರಾನ್ಸಿಸ್ಕೋ ಕೌಂಟಿಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಕಚೇರಿ ಇದೆ. ಇಡೀ ರಾಜ್ಯಕ್ಕೆ ಒಂದೇ ನಂಬರು: 1-833-401-0832. ಹಿರಿಯರು ಇರುವ ಊರಿನ ಜಿಪ್ ಕೋಡ್ ಒತ್ತಿದರೆ ಅಲ್ಲಿಯ ಕೌಂಟಿಗೆ ಕರೆ ಹೋಗುತ್ತದೆ. ಹಗಲು ರಾತ್ರಿ, ವಾರದ ಏಳೂ ದಿನ. ಜೀವಕ್ಕೆ ಈಗಲೇ ಅಪಾಯವಿದೆ ಎಂದಾದರೆ ಮಾತ್ರ ಮೊದಲು 911.

ಮೊದಲು ಈ ಸೇವೆ 65 ದಾಟಿದವರಿಗಿತ್ತು. 2022ರ ಜನವರಿಯಿಂದ 60 ವರ್ಷ ತುಂಬಿದವರಿಗೆಲ್ಲ ಸಿಗುತ್ತದೆ. 18ರಿಂದ 59ರ ನಡುವಿನ ಅಂಗವಿಕಲರಿಗೂ, ಇತರರನ್ನು ಅವಲಂಬಿಸಿರುವವರಿಗೂ ಸಿಗುತ್ತದೆ. ಆದಾಯ ಎಷ್ಟು ಎಂದು ನೋಡುವುದಿಲ್ಲ, ದುಡ್ಡು ಕೇಳುವುದಿಲ್ಲ.

ಕರೆ ಮಾಡುವವರ ಬಳಿ ಸಾಕ್ಷಿ ಇರಬೇಕಿಲ್ಲ. "ನನಗೆ ಹೀಗೆ ಅನುಮಾನ ಬಂದಿದೆ, ಯಾಕೆಂದರೆ ನಾನು ಇದನ್ನು ನೋಡಿದೆ, ಇದನ್ನು ಕೇಳಿದೆ" ಎಂದರೆ ಸಾಕು. ನಿಜವೋ ಅಲ್ಲವೋ ಎಂದು ಪತ್ತೆ ಹಚ್ಚುವುದು ಅವರ ಕೆಲಸ. ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿಡಬೇಕೆಂದು ಕಾನೂನೇ ಹೇಳುತ್ತದೆ. ಸದುದ್ದೇಶದಿಂದ ಹೇಳಿದ್ದು ಕೊನೆಗೆ ತಪ್ಪೆಂದು ಗೊತ್ತಾದರೂ ಹೇಳಿದವರಿಗೆ ರಕ್ಷಣೆ ಇದೆ.

ಆಮೇಲೆ ಬರುವುದು ಪೊಲೀಸ್ ಜೀಪಲ್ಲ, ಒಬ್ಬ ಸಮಾಜ ಕಾರ್ಯಕರ್ತರು. ತುರ್ತು ಇದ್ದರೆ ತಕ್ಷಣ, ಇಲ್ಲವಾದರೆ ಸಾಮಾನ್ಯವಾಗಿ 10 ದಿನಗಳೊಳಗೆ ಮನೆಗೆ ಬಂದು ಹಿರಿಯರನ್ನು ಮುಖತಃ ನೋಡುತ್ತಾರೆ, ಸಾಧ್ಯವಾದಷ್ಟೂ ಬೇರೆಯಾಗಿ ಕೂರಿಸಿಕೊಂಡು ಮಾತಾಡಿಸುತ್ತಾರೆ. ಫ್ರಿಜ್ಜಿನಲ್ಲಿ ಏನಿದೆ, ಮಾತ್ರೆಗಳು ಸರಿಯಾಗಿವೆಯೇ, ಬ್ಯಾಂಕಿನ ಕಾಗದಗಳು ಯಾರ ಕೈಯಲ್ಲಿವೆ, ಇವರಿಗೆ ನೆನಪು ಹೇಗಿದೆ ಎಂದೆಲ್ಲ ನೋಡುತ್ತಾರೆ. ಬೇಕಾದ ಸಹಾಯ ಜೋಡಿಸುತ್ತಾರೆ: ಮನೆಗೆ ಊಟ, ಮನೆಗೆಲಸಕ್ಕೆ ಆಳು, ಡಾಕ್ಟರ ಅಪಾಯಿಂಟ್‌ಮೆಂಟು, ಉಚಿತ ವಕೀಲರು, ತಾತ್ಕಾಲಿಕ ವಸತಿ, ಕೋರ್ಟಿನಿಂದ ತಡೆಯಾಜ್ಞೆ. ಈ ತಡೆಯಾಜ್ಞೆಯ ಅರ್ಜಿಗೆ ಕೋರ್ಟು ಶುಲ್ಕ ತೆಗೆದುಕೊಳ್ಳುವುದಿಲ್ಲ.

ಇಲ್ಲೊಂದು ಮುಖ್ಯ ಮಾತು. ಬುದ್ಧಿ ಸ್ಥಿಮಿತದಲ್ಲಿರುವ ಹಿರಿಯರು "ನನಗೆ ನಿಮ್ಮ ಸಹಾಯ ಬೇಡ" ಎಂದರೆ ಎ.ಪಿ.ಎಸ್. ಬಲವಂತ ಮಾಡುವಂತಿಲ್ಲ. ಮಕ್ಕಳ ರಕ್ಷಣಾ ಇಲಾಖೆ ಮಗುವನ್ನು ಎತ್ತಿಕೊಂಡು ಹೋಗುವ ಹಾಗೆ ಇವರು ಅಮ್ಮನನ್ನು ಎತ್ತಿಕೊಂಡು ಹೋಗುವುದಿಲ್ಲ. ವಯಸ್ಸಾದ ಮಾತ್ರಕ್ಕೆ ಮನುಷ್ಯ ಮಗುವಾಗಿಬಿಡುವುದಿಲ್ಲ. ತಪ್ಪು ನಿರ್ಧಾರ ಮಾಡುವ ಹಕ್ಕೂ ಒಂದು ಹಕ್ಕೇ. ಇದರಿಂದ ಕೆಲವು ಸಲ ದೂರು ಕೊಟ್ಟವರಿಗೆ "ಏನೂ ಆಗಲಿಲ್ಲವಲ್ಲ" ಎನ್ನಿಸುತ್ತದೆ. ಆದರೆ ಒಬ್ಬ ಹೊರಗಿನವರು ಬಂದು ಹೋದರು, ನಂಬರು ಕೊಟ್ಟು ಹೋದರು, ಮನೆಯವರಿಗೆ ಯಾರೋ ನೋಡುತ್ತಿದ್ದಾರೆಂದು ಗೊತ್ತಾಯಿತು ಎಂಬುದು ಸಣ್ಣ ವಿಷಯವಲ್ಲ. ಮರೆವಿನ ಕಾಯಿಲೆ ಬಲಿತು ನಿರ್ಧಾರ ಮಾಡುವ ಶಕ್ತಿಯೇ ಹೋಗಿದ್ದರೆ ಆಗ ಮಾತು ಬೇರೆ. ವಿಷಯ ಕೋರ್ಟಿಗೆ, ಕೌಂಟಿಯ ಪಬ್ಲಿಕ್ ಗಾರ್ಡಿಯನ್ ಬಳಿಗೆ ಹೋಗಬಹುದು.

ನರ್ಸಿಂಗ್ ಹೋಮ್ ಅಥವಾ ಅಸಿಸ್ಟೆಡ್ ಲಿವಿಂಗ್‌ನಲ್ಲಿರುವವರ ದೂರನ್ನು ನೋಡುವವರು ಬೇರೆ. ಅವರಿಗೆ ಆಂಬಡ್ಸ್‌ಮನ್ ಎನ್ನುತ್ತಾರೆ. ಅವರ ರಾಜ್ಯಮಟ್ಟದ ತುರ್ತು ನಂಬರು 1-800-231-4024.

ಹತ್ತು ಜನರ ಕೆಲಸ

ಒಬ್ಬ ಹಿರಿಯರ ಕಷ್ಟ ಯಾವತ್ತೂ ಒಂದು ಇಲಾಖೆಯ ಫೈಲಿನಲ್ಲಿ ಹಿಡಿಸುವುದಿಲ್ಲ. ತೋಳಿನ ಮೇಲಿನ ನೀಲಿ ಗುರುತು ಬಿದ್ದದ್ದರಿಂದಲೋ ಹಿಡಿದೆಳೆದದ್ದರಿಂದಲೋ ಎಂದು ಡಾಕ್ಟರು ಹೇಳಬೇಕು. ಖಾತೆಯಿಂದ ಹೋದ ಹಣದ ಜಾಡು ಬ್ಯಾಂಕಿಗೆ ಗೊತ್ತು. ಸಹಿ ಹಾಕಿದ ದಿನ ಅವರಿಗೆ ತಿಳಿವಳಿಕೆ ಇತ್ತೇ ಎಂದು ಮನಶ್ಶಾಸ್ತ್ರಜ್ಞರು ಹೇಳಬೇಕು. ಕೇಸು ನಿಲ್ಲುತ್ತದೆಯೇ ಎಂದು ಸರ್ಕಾರಿ ವಕೀಲರು ಹೇಳಬೇಕು. ಇವರೆಲ್ಲ ಬೇರೆ ಬೇರೆ ಕಟ್ಟಡಗಳಲ್ಲಿ ಕೂತು ಪತ್ರ ಬರೆದುಕೊಳ್ಳುವಷ್ಟರಲ್ಲಿ ಮನೆ ಮಾರಿಹೋಗಿರುತ್ತದೆ!

ಆದ್ದರಿಂದ ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಪದ್ಧತಿ ಬೆಳೆಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 2003ರಲ್ಲಿ ಎಲ್ಡರ್ ಅಬ್ಯೂಸ್ ಫೊರೆನ್ಸಿಕ್ ಸೆಂಟರ್ ಎಂಬ ಹೆಸರಿನಲ್ಲಿ ದೇಶದಲ್ಲೇ ಮೊದಲನೆಯದೆನ್ನುವ ಇಂಥ ಕೇಂದ್ರ ಶುರುವಾಯಿತು. ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಅದೇ ಮಾದರಿಯ ಕೇಂದ್ರ ಬಂತು. ಇನ್‌ಸ್ಟಿಟ್ಯೂಟ್ ಆನ್ ಏಜಿಂಗ್ ಎಂಬ ಲಾಭರಹಿತ ಸಂಸ್ಥೆ, ನಗರದ ಎ.ಪಿ.ಎಸ್., ಪೊಲೀಸ್, ಡಿಸ್ಟ್ರಿಕ್ಟ್ ಅಟಾರ್ನಿ, ಪಬ್ಲಿಕ್ ಗಾರ್ಡಿಯನ್ ಎಲ್ಲ ಸೇರಿ ಕಗ್ಗಂಟಾದ ಪ್ರಕರಣಗಳನ್ನು ಬಿಡಿಸುವ ಜಾಗ ಅದು. ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಹಣಕಾಸಿನ ಶೋಷಣೆಗೆಂದೇ ಫಾಸ್ಟ್ ಎಂಬ ತಂಡವಿದೆ: ಎ.ಪಿ.ಎಸ್., ಡಿಸ್ಟ್ರಿಕ್ಟ್ ಅಟಾರ್ನಿ, ಕೌಂಟಿಯ ವಕೀಲರು, ಪಬ್ಲಿಕ್ ಗಾರ್ಡಿಯನ್ ಒಟ್ಟಾಗಿ ನುಗ್ಗಿ, ಆಸ್ತಿ ಕೈತಪ್ಪುವ ಮೊದಲೇ ತಡೆಯುವುದು ಅದರ ಉದ್ದೇಶ. ಇಂಗ್ಲೆಂಡಿನಲ್ಲಿ ಈ ಕೂಡುಕೆಲಸವನ್ನು ಕಾನೂನೇ ಕಡ್ಡಾಯ ಮಾಡಿದೆ: 2014ರ ಕೇರ್ ಆಕ್ಟ್ ಪ್ರಕಾರ ಪ್ರತಿ ಸ್ಥಳೀಯ ಆಡಳಿತವೂ ಪೊಲೀಸರನ್ನೂ ಆರೋಗ್ಯ ಇಲಾಖೆಯನ್ನೂ ಸೇರಿಸಿಕೊಂಡು ಮಂಡಳಿ ರಚಿಸಲೇಬೇಕು.

ಇಷ್ಟು ದೊಡ್ಡ ಮೇಜಿನಲ್ಲಿ ಒಂದು ಕುರ್ಚಿ ಖಾಲಿ ಇದೆ ಎಂದು ನಮಗನ್ನಿಸಿತು. ಅದು ನಮ್ಮಂಥವರದು. ಯಾವ ಇಲಾಖೆಯೂ ತಾನಾಗಿ ಬಾಗಿಲು ತಟ್ಟುವುದಿಲ್ಲ, ಮೊದಲು ಯಾರಾದರೂ ಹೇಳಬೇಕು. ಅಜ್ಜಿ ಸಭೆಗೆ ಬರುವುದನ್ನು ನಿಲ್ಲಿಸಿದ್ದು ಪೊಲೀಸರಿಗೆ ಗೊತ್ತಾಗುವುದಿಲ್ಲ, ಡಾಕ್ಟರಿಗೆ ಗೊತ್ತಾಗುವುದಿಲ್ಲ. ನಮಗೆ ಗೊತ್ತಾಗಿತ್ತು. ನ್ಯೂಯಾರ್ಕ್ ರಾಜ್ಯದಲ್ಲಿ 2011ರಲ್ಲಿ ನಡೆದ ಒಂದು ಅಧ್ಯಯನ, ಬೆಳಕಿಗೆ ಬಂದ ಒಂದು ಪ್ರಕರಣಕ್ಕೆ ಸುಮಾರು 24 ಪ್ರಕರಣಗಳು ಮುಚ್ಚಿಹೋಗುತ್ತವೆ ಎಂದು ಲೆಕ್ಕ ಹಾಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 60 ದಾಟಿದವರಲ್ಲಿ ಆರರಲ್ಲೊಬ್ಬರು ಒಂದು ವರ್ಷದಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯ ಅನುಭವಿಸುತ್ತಾರೆ. ನಮ್ಮ ಸಭೆಗೆ ಬರುವ ಹಿರಿಯರನ್ನು ಎಣಿಸಿ ನೋಡಿದರೆ ಎದೆ ಝಲ್ ಎನ್ನುತ್ತದೆ.

"ಹೇಳಲೇಬೇಕಾದವರು"

ಈ ರಾಜ್ಯದಲ್ಲಿ ಕೆಲವರಿಗೆ ದೂರು ಕೊಡುವುದು ಇಷ್ಟದ ಪ್ರಶ್ನೆಯಲ್ಲ, ಕಾನೂನಿನ ಕರ್ತವ್ಯ. ಅವರನ್ನು ಮ್ಯಾಂಡೇಟೆಡ್ ರಿಪೋರ್ಟರ್ ಎನ್ನುತ್ತಾರೆ. ಡಾಕ್ಟರು, ನರ್ಸು, ಸಮಾಜ ಕಾರ್ಯಕರ್ತರು, ಪೊಲೀಸರು ಇದರಲ್ಲಿದ್ದಾರೆ. ಧರ್ಮಗುರುಗಳೂ ಇದ್ದಾರೆ, ಪೂಜೆಗೆಂದು ಮನೆಗೆ ಬರುವ ಅರ್ಚಕರಿಗೆ ಇದನ್ನು ತಿಳಿಸಿ ಹೇಳುವುದು ಒಳ್ಳೆಯದು. 2007ರ ಜನವರಿಯಿಂದ ಬ್ಯಾಂಕಿನ ಸಿಬ್ಬಂದಿಯೂ ಹಣಕಾಸಿನ ಶೋಷಣೆಯ ಅನುಮಾನ ಬಂದರೆ ತಿಳಿಸಲೇಬೇಕು. ಮೊದಲು ಫೋನಿನಲ್ಲೋ ಆನ್‌ಲೈನಿನಲ್ಲೋ ತಕ್ಷಣ ತಿಳಿಸಿ, ಫೋನ್ ಮಾಡಿದವರು ಎರಡು ಕೆಲಸದ ದಿನಗಳೊಳಗೆ ಬರಹದಲ್ಲೂ ಕೊಡಬೇಕು. ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು, 1000 ಡಾಲರುವರೆಗೆ ದಂಡ ಆಗಬಹುದು.

ಬಹಳ ಜನಕ್ಕೆ ಗೊತ್ತಿಲ್ಲದ್ದು ಇದು: ಸಂಬಳ ತೆಗೆದುಕೊಳ್ಳಲಿ ಬಿಡಲಿ, ಹಿರಿಯರೊಬ್ಬರನ್ನು ನೋಡಿಕೊಳ್ಳುವ ಹೊಣೆ ಪೂರ್ತಿಯಾಗಿಯೋ ಆಗಾಗಲೋ ಹೊತ್ತವರೂ ಹೇಳಲೇಬೇಕಾದವರ ಪಟ್ಟಿಯಲ್ಲಿದ್ದಾರೆ. ಮಾವನಿಗೆ ಮಾತ್ರೆ ಕೊಡುವ ಸೊಸೆ, ವಾರಕ್ಕೆರಡು ಸಲ ಬಂದು ಅಮ್ಮನಿಗೆ ಸ್ನಾನ ಮಾಡಿಸುವ ಮಗಳು, ಎಲ್ಲರೂ. ಅಣ್ಣ ಅಮ್ಮನ ದುಡ್ಡು ತೆಗೆಯುತ್ತಿದ್ದಾನೆಂದು ಗೊತ್ತಿದ್ದೂ ತಂಗಿ "ಮನೆ ಮಾತು ಹೊರಗೆ ಹಾಕಬಾರದು" ಎಂದು ಕೂರುವಂತಿಲ್ಲ.

ಎಲ್ಲ ಅಪಾಯವೂ ಮನೆಯವರಿಂದಲೇ ಎಂದಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಎಚ್ಚರಿಕೆ ಮೂಡಿಸಿ, ಇಮಿಗ್ರೇಷನ್ ಕಚೇರಿಯವರೆಂದು ಹೆದರಿಸಿ, "ಮೊಮ್ಮಗ ಜೈಲಲ್ಲಿದ್ದಾನೆ" ಎಂದು ಅಳಿಸಿ ದುಡ್ಡು ಕೀಳುವವರು ಹೆಚ್ಚಿದ್ದಾರೆ. ಎಫ್.ಬಿ.ಐ. ಲೆಕ್ಕದಲ್ಲಿ 2024ರಲ್ಲಿ 60 ದಾಟಿದವರು ಅಂತರಜಾಲ ವಂಚನೆಯಿಂದ ಕಳೆದುಕೊಂಡದ್ದಾಗಿ ದೂರಿದ ಮೊತ್ತ ಸುಮಾರು 490 ಕೋಟಿ ಡಾಲರು. ಮೋಸ ಹೋದ ಹಿರಿಯರು ನಾಚಿಕೆಯಿಂದ ಮಕ್ಕಳಿಗೂ ಹೇಳುವುದಿಲ್ಲ. ಅವರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಖಂಡಿತ ಹೇಳುವುದಿಲ್ಲ. ನ್ಯಾಷನಲ್ ಎಲ್ಡರ್ ಫ್ರಾಡ್ ಹಾಟ್‌ಲೈನ್ ನಂಬರು 1-833-372-8311.

ವೀಸಾ ಎಂಬ ಗುಮ್ಮ

"ಬಾಯಿ ಬಿಟ್ಟರೆ ವಾಪಸ್ ಕಳಿಸಿಬಿಡ್ತಾರೆ" ಎಂಬ ಭಯ ನಮ್ಮ ಹಿರಿಯರ ಬಾಯಿಗೆ ಹಾಕಿದ ದೊಡ್ಡ ಬೀಗ. ಕೆಲವು ಮನೆಗಳಲ್ಲಿ ಆ ಭಯವನ್ನೇ ಹಗ್ಗದಂತೆ ಬಳಸುತ್ತಾರೆ. ಆದ್ದರಿಂದ ಮೂರು ಸಂಗತಿ ತಿಳಿದಿರಲಿ.

ಮೊದಲನೆಯದು, ತಂದೆ ತಾಯಿಗೆ ಗ್ರೀನ್ ಕಾರ್ಡ್ ಮಾಡಿಸುವಾಗ ಮಗ ಅಥವಾ ಮಗಳು ಐ-864 ಎಂಬ ಪತ್ರಕ್ಕೆ ಸಹಿ ಹಾಕಿರುತ್ತಾರೆ. ಫೆಡರಲ್ ಬಡತನ ರೇಖೆಯ 125% ಮಟ್ಟಕ್ಕಾದರೂ ಅವರನ್ನು ಪೋಷಿಸುತ್ತೇನೆ ಎಂಬ ಒಪ್ಪಂದ ಅದು. ಬರೀ ಔಪಚಾರಿಕ ಕಾಗದವಲ್ಲ. ತಂದೆ ತಾಯಿಯೇ ಕೋರ್ಟಿಗೆ ಹೋಗಿ ಅದನ್ನು ಜಾರಿ ಮಾಡಿಸಿಕೊಳ್ಳಬಹುದು.

ಎರಡನೆಯದು, ಅಮೆರಿಕದ ಪ್ರಜೆಯಾದ 21 ವರ್ಷ ದಾಟಿದ ಮಗ ಅಥವಾ ಮಗಳಿಂದ ಹಿಂಸೆ ಅನುಭವಿಸಿದ ತಂದೆ ತಾಯಿ, ಆ ಮಕ್ಕಳ ನೆರವಿಲ್ಲದೆ, ಅವರಿಗೆ ತಿಳಿಸದೆ ತಾವೇ ಗ್ರೀನ್ ಕಾರ್ಡಿನ ದಾರಿಗೆ ಅರ್ಜಿ ಹಾಕಿಕೊಳ್ಳಬಹುದು. ವಾವಾ ಎಂದು ಕರೆಯುವ ಕಾನೂನಿಗೆ 2006ರ ಜನವರಿಯಲ್ಲಿ ಸಹಿ ಬಿದ್ದ ತಿದ್ದುಪಡಿಯಿಂದ ಈ ಅವಕಾಶ ಬಂತು. ಹೆಂಡತಿಯರಿಗೆ ಇರುವ ರಕ್ಷಣೆಯನ್ನು ನಾವೆಲ್ಲ ಕೇಳಿದ್ದೇವೆ, ಅಪ್ಪ ಅಮ್ಮಂದಿರಿಗೂ ಇದೆ ಎಂಬುದು ಗೊತ್ತಿರುವವರು ಕಡಿಮೆ. ಇದಕ್ಕೆ ಅನುಭವವಿರುವ ಇಮಿಗ್ರೇಷನ್ ವಕೀಲರನ್ನೇ ಕಾಣಬೇಕು.

ಮೂರನೆಯದು, ಪಾಸ್‌ಪೋರ್ಟು ಅವರ ಕೈಗೆ ಸಿಗುವಂತಿರಬೇಕು. "ಭದ್ರವಾಗಿರಲಿ ಅಂತ ನಾನೇ ಇಟ್ಟುಕೊಂಡಿದ್ದೇನೆ" ಎಂಬುದು ಪ್ರೀತಿಯೂ ಇರಬಹುದು, ಬೇರೇನೋ ಇರಬಹುದು. ಕೇಳಿದಾಗ ಕೊಡುತ್ತಾರೆಯೇ ಎಂಬುದರಲ್ಲಿ ಉತ್ತರ ಇದೆ.

ಬೇ ಏರಿಯಾದಲ್ಲಿ ನಮ್ಮ ಭಾಗದ ಭಾಷೆ, ಸಂಕೋಚ ಎರಡೂ ಅರ್ಥವಾಗುವ ಸಂಸ್ಥೆಗಳಿವೆ. 1991ರಲ್ಲಿ ಶುರುವಾದ ಮೈತ್ರಿ, 1992ರಲ್ಲಿ ಶುರುವಾದ ನಾರಿಕಾ ಎರಡೂ ದಕ್ಷಿಣ ಏಷ್ಯಾದ ಮನೆಗಳೊಳಗಿನ ಹಿಂಸೆಯ ವಿರುದ್ಧ ಕೆಲಸ ಮಾಡುತ್ತಿವೆ.

ಕನ್ನಡದಲ್ಲಿ ಹೇಗೆ ಕೇಳುವುದು?

ಈಗ ನಮ್ಮ ಕ್ಷೇತ್ರಕ್ಕೆ, ಅಂದರೆ ಮಾತಿಗೆ, ಬರೋಣ. ಒಬ್ಬ ಕನ್ನಡದ ಅಜ್ಜಿಯನ್ನು "ನಿಮ್ಮ ಮೇಲೆ ದೌರ್ಜನ್ಯ ಆಗಿದೆಯೇ?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ಅಯ್ಯೋ, ಎಲ್ಲಾದ್ರೂ ಉಂಟಾ! ನನ್ನ ಮಗ ಬಂಗಾರ." ದೌರ್ಜನ್ಯ ಎನ್ನುವುದು ಪತ್ರಿಕೆಯ ಪದ, ಅವರ ಬದುಕಿನ ಪದವಲ್ಲ. ಅವರ ಪದಗಳು ಬೇರೆ. "ಹೊಂದಿಕೊಂಡು ಹೋಗ್ತಿದೀನಿ." "ಅವನಿಗೆ ಸಿಟ್ಟು ಜಾಸ್ತಿ, ಅಷ್ಟೇ." "ನನಗೇನು, ಎರಡು ತುತ್ತು ಸಾಕು." "ದೇವರು ಬೇಗ ಕರ್ಕೊಂಡ್ರೆ ಸಾಕಪ್ಪ." ಈ ಕೊನೆಯ ಮಾತನ್ನು ನಾವು ನಕ್ಕು ತಳ್ಳಿಹಾಕುತ್ತೇವೆ. ತಳ್ಳಿಹಾಕಬಾರದು.

ಹಾಗಾಗಿ ಸಣ್ಣ, ಸಾದಾ ಪ್ರಶ್ನೆಗಳನ್ನು ಕೇಳಬೇಕು, ಮನೆಯವರ ಎದುರಲ್ಲಲ್ಲ. ಬೆಳಗ್ಗೆ ತಿಂಡಿ ಏನಿತ್ತು? ಊಟ ಎಲ್ಲರ ಜೊತೆಗೋ, ರೂಮಿನಲ್ಲೋ? ಮಾತ್ರೆ ಯಾರು ಕೊಡ್ತಾರೆ? ಊರಿಗೆ ಕೊನೆಯ ಸಲ ಫೋನ್ ಮಾಡಿದ್ದು ಯಾವಾಗ? ಕಾಗದಕ್ಕೆ ಸಹಿ ಹಾಕು ಅಂದ್ರೆ ಓದಿ ಹೇಳ್ತಾರಾ? ರಾತ್ರಿ ಹೆದರಿಕೆ ಆಗುತ್ತಾ? ಉತ್ತರಕ್ಕಿಂತ ಕೆಲವೊಮ್ಮೆ ಉತ್ತರದ ಮುಂಚಿನ ಮೌನ ಹೆಚ್ಚು ಹೇಳುತ್ತದೆ.

ಅಧಿಕಾರಿಗಳು ಬಂದಾಗಲೂ ಭಾಷೆ ದೊಡ್ಡ ವಿಷಯ. ಯಾರ ಮೇಲೆ ಅನುಮಾನವೋ ಆ ಮಗನೇ ಅಮ್ಮನ ಮಾತನ್ನು ಇಂಗ್ಲಿಷಿಗೆ ಅನುವಾದ ಮಾಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ! ದೂರು ಕೊಡುವಾಗಲೇ "ಕನ್ನಡದ ದುಭಾಷಿ ಬೇಕು, ಮನೆಯವರಲ್ಲ" ಎಂದು ಸ್ಪಷ್ಟವಾಗಿ ಹೇಳಿ. ಹಿಂದಿ ಬರುತ್ತದೆಂದು ಅಂದುಕೊಂಡುಬಿಡುತ್ತಾರೆ. ಎಲ್ಲ ಅಜ್ಜಿಯರಿಗೂ ಹಿಂದಿ ಬರುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ಬೇಸರವೂ ದೌರ್ಜನ್ಯವಲ್ಲ. ಮೊಮ್ಮಕ್ಕಳನ್ನು ನೋಡಿಕೊಂಡು ದಣಿದ ಅಮ್ಮ, ಕಾರು ಓಡಿಸಲು ಬಾರದೆ ಮನೆಯಲ್ಲೇ ಕೂತು ಕಿಟಕಿ ನೋಡುವ ಅಪ್ಪ, ಇವರದು ಒಂಟಿತನ. ಅದಕ್ಕೆ ಬೇಕಿರುವುದು ದೂರಲ್ಲ, ಒಂದು ರೈಡು, ಒಂದು ಹರಟೆ. ಮರೆವಿನ ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಂಡು ಸೋತ ಸೊಸೆ ಒಂದು ದಿನ ಕೂಗಾಡಿದರೆ ಅವಳು ರಾಕ್ಷಸಿಯಲ್ಲ. ಅವಳಿಗೂ ಸಹಾಯ ಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1977ರಲ್ಲಿ ಹುಟ್ಟಿದ ಫ್ಯಾಮಿಲಿ ಕೇರ್‌ಗಿವರ್ ಅಲಯನ್ಸ್ ಇರುವುದೇ ಇಂಥವರಿಗಾಗಿ. ಅಲ್ಝೈಮರ್ಸ್ ಅಸೋಸಿಯೇಷನ್ ಸಹಾಯವಾಣಿ 1-800-272-3900 ಹಗಲು ರಾತ್ರಿ ಇರುತ್ತದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ನಾವು ಸೇಡಿನ ಮಾತಾಗಿ ಬಳಸುತ್ತೇವೆ. ಇಬ್ಬರಿಗೂ ಒಂದೇ ಕಾಲದಲ್ಲಿ ಯಾರಾದರೂ ಆಸರೆ ಬೇಕಾಗುತ್ತದೆ ಎಂಬುದು ಅದರಲ್ಲಿ ಬಿಟ್ಟುಹೋಗಿದೆ.

ಊರಿನಲ್ಲಿರುವ ಅಪ್ಪ ಅಮ್ಮ

ನಮ್ಮಲ್ಲಿ ಹಲವರ ತಂದೆ ತಾಯಿ ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಇಬ್ಬರೇ ಇದ್ದಾರೆ. ಇಂಥದೇ ಕೂಡುಕೆಲಸ ಅಲ್ಲೂ ಇದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ಬೆಂಗಳೂರು ನಗರ ಪೊಲೀಸರು ಸೇರಿ 2002ರಲ್ಲಿ 1090 ಎಂಬ ಹಿರಿಯರ ಸಹಾಯವಾಣಿ ಆರಂಭಿಸಿದರು. ಪೊಲೀಸರ ಅಧಿಕಾರ ಒಂದು ಕಡೆ, ಆಪ್ತ ಸಮಾಲೋಚಕರ ತಾಳ್ಮೆ ಇನ್ನೊಂದು ಕಡೆ. 2021ರಿಂದ ದೇಶಕ್ಕೆಲ್ಲ 14567 ಎಂಬ ಎಲ್ಡರ್ ಲೈನ್ ಕೂಡ ಇದೆ.

ಭಾರತದಲ್ಲಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆಯ ಪ್ರಕಾರ 60 ದಾಟಿದವರು ಮಕ್ಕಳಿಂದ ಜೀವನಾಂಶ ಕೇಳಬಹುದು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ 23ನೇ ಸೆಕ್ಷನ್ ಪ್ರಕಾರ ಆ ದಾನಪತ್ರವನ್ನೇ ರದ್ದು ಮಾಡಿಸಬಹುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೀಗೆ ಒಬ್ಬ ತಾಯಿಯ ಆಸ್ತಿಯನ್ನು ಮಗನಿಂದ ಮರಳಿ ಕೊಡಿಸಿತು. ಅಪ್ಪ ಅಮ್ಮ ಏನನ್ನಾದರೂ ಬರೆದುಕೊಡುವ ಮೊದಲು ಆ ಷರತ್ತನ್ನು ಪತ್ರದಲ್ಲೇ ಬರೆಸಿ ಎಂದು ಹೇಳಿ. ಇಲ್ಲಿಂದ ಜನರಲ್ ಪವರ್ ಆಫ್ ಅಟಾರ್ನಿ ಕಳಿಸಿ ಎಂದು ನಾವೇ ಒತ್ತಾಯ ಮಾಡುವಾಗಲೂ ಒಂದು ನಿಮಿಷ ನಿಂತು ಯೋಚಿಸೋಣ.

ಧೃತರಾಷ್ಟ್ರನ ಉಪವಾಸ

ಕೊನೆಗೊಂದು ಹಳೆಯ ಕಥೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ್ದರಿಂದ ನಮ್ಮ ಗಮಕ ವಾಚನಗಳಲ್ಲಿ ಇದು ಕಿವಿಗೆ ಬೀಳುವುದು ಕಡಿಮೆ. ಯುದ್ಧ ಮುಗಿದ ಮೇಲೆ ಕುರುಡ ಧೃತರಾಷ್ಟ್ರ, ಗಾಂಧಾರಿ ಇಬ್ಬರೂ ಧರ್ಮರಾಯನ ಆಶ್ರಯದಲ್ಲಿ ಹದಿನೈದು ವರ್ಷ ಇರುತ್ತಾರೆ. ಧರ್ಮರಾಯ ಗೌರವಕ್ಕೆ ಏನೂ ಕಡಿಮೆ ಮಾಡುವುದಿಲ್ಲ. ಆದರೆ ಭೀಮ, ಯಾರಿಗೂ ಗೊತ್ತಾಗದ ಹಾಗೆ, ಆ ಮುದುಕನ ಕಿವಿಗೆ ಬೀಳುವಂತೆ ತೋಳು ತಟ್ಟಿಕೊಂಡು "ನಿನ್ನ ಮಕ್ಕಳನ್ನು ಕೊಂದ ತೋಳುಗಳಿವು" ಎಂಬ ಅರ್ಥದ ಮಾತಾಡುತ್ತಾನೆ. ಮುದುಕರಿಬ್ಬರೂ ಸರಿಯಾಗಿ ಉಣ್ಣುವುದನ್ನು ಬಿಡುತ್ತಾರೆ, ನೆಲದ ಮೇಲೆ ಮಲಗುತ್ತಾರೆ. ಕಾಡಿಗೆ ಹೋಗುತ್ತೇನೆಂದು ಧೃತರಾಷ್ಟ್ರ ಅಪ್ಪಣೆ ಕೇಳಿದ ದಿನವೇ ಧರ್ಮರಾಯನಿಗೆ ಗೊತ್ತಾಗುವುದು, ತನ್ನ ಅರಮನೆಯಲ್ಲೇ ದೊಡ್ಡಪ್ಪ ಉಪವಾಸವಿದ್ದ ಎಂದು. ಅವನ ದುಃಖವೆಲ್ಲ "ನನಗೆ ತಿಳಿಯಲೇ ಇಲ್ಲವಲ್ಲ" ಎಂಬುದು.

ಧೃತರಾಷ್ಟ್ರ ಒಳ್ಳೆಯವನೇನಲ್ಲ. ಭೀಮನ ಸಿಟ್ಟಿಗೆ ಕಾರಣವಿಲ್ಲದೆಯೂ ಇಲ್ಲ. ನಮ್ಮ ಮನೆಗಳಲ್ಲೂ ಹಾಗೆಯೇ. ಹಿರಿಯರೆಲ್ಲ ಸಂತರಲ್ಲ, ಹಳೆಯ ಗಾಯಗಳು ಇರುತ್ತವೆ. ಆದರೂ ಮುದುಕರು ಹಸಿದಿರಬಾರದು ಎಂಬಲ್ಲಿ ವಾದವಿಲ್ಲ.

ಧರ್ಮರಾಯನಿಗೆ ತಿಳಿದಿರಲಿಲ್ಲ. ನಮಗೆ ಅರ್ಧ ತಿಳಿದಿತ್ತು, ಆದ್ದರಿಂದ ನಮ್ಮ ತಪ್ಪು ಹೆಚ್ಚಿನದು. ಈಗ ನಮ್ಮ ಕೂಟದಲ್ಲಿ ಒಂದು ಸಣ್ಣ ಪದ್ಧತಿ ಇಟ್ಟುಕೊಂಡಿದ್ದೇವೆ. ಯಾವ ಹಿರಿಯರಾದರೂ ಎರಡು ಸಭೆಗೆ ಬರದಿದ್ದರೆ ಯಾರಾದರೂ ಒಬ್ಬರು ಹೋಗಿ ಅವರನ್ನೇ ನೋಡಿ ಬರುತ್ತಾರೆ, ಮನೆಯವರನ್ನಲ್ಲ, ಅವರನ್ನೇ. ನೋಡಲು ಬಿಡದಿದ್ದರೆ, ನೋಡಿದ್ದು ಸರಿ ಕಾಣದಿದ್ದರೆ, ಅಡುಗೆಮನೆಯಲ್ಲಿ ಪಿಸುಗುಟ್ಟುವುದಿಲ್ಲ, ಫೋನ್ ಮಾಡುತ್ತೇವೆ. ನಾಲ್ಕು ಜನ ಏನಂತಾರೆ ಎಂದು ಎಲ್ಲರೂ ಹೆದರುತ್ತಾರಲ್ಲ, ಆ ನಾಲ್ಕು ಜನ ನಾವೇ.

ಆ ನಂಬರನ್ನು ಇನ್ನೊಮ್ಮೆ ಬರೆಯುತ್ತೇವೆ, ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಿ: 1-833-401-0832. ಅಪ್ಪ ಅಮ್ಮನ ಮೊಬೈಲಿನಲ್ಲೂ ಸೇರಿಸಿಕೊಡಿ. ನಿಮ್ಮ ಮನೆಯಲ್ಲಿ ಅದು ಎಂದೂ ಬೇಡವಾಗಲಿ ಎಂದು ಹಾರೈಸುತ್ತೇವೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಪುಸ್ತಕಗಳೊಂದಿಗೆ ಭೇಟಿಯಾಗೋಣ. ಮುಂದಿನ ಸಭೆಗೆ ಬರುವಾಗ ಪಕ್ಕದ ಮನೆಯ ಹಿರಿಯರನ್ನೂ ಕಾರಿನಲ್ಲಿ ಕೂರಿಸಿಕೊಂಡು ಬನ್ನಿ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇದೆ.

ವಿಶ್ವಾಸದಿಂದ,
ಸಂಪಾದಕ ಬಳಗ